ಉಳಿದ ಜಾಗ ಸೊನ್ನೆ: ಮಿನೊವಾ ಲಾಂಡ್ರಿಯ ಒಂದು ಭಾನುವಾರ

ಕುರೊಹಾಮಾದ ರೇವು ಬೀದಿಯಲ್ಲಿರುವ ಮಿನೊವಾ ಲಾಂಡ್ರಿಯ ಹಿಂಭಾಗದಲ್ಲಿ, ಉಗಿ ಯಂತ್ರದ ಆಚೆ, ಗೋಡೆಯಿಂದ ಗೋಡೆಗೆ ಒಂದು ಕಬ್ಬಿಣದ ಸರಳಿದೆ. ತೊಳೆಯಲು ಕೊಟ್ಟು ಮರಳಿ ಒಯ್ಯದವರ ಬಟ್ಟೆಗಳು ಅದರ ಮೇಲೆ ತೂಗುತ್ತವೆ. ಹೆಂಡತಿಯ ತವರಿಗೆ ಹೋಗಲೆಂದು ತೊಳೆಯಲು ಹಾಕಿ, ಅದು ಇಸ್ತ್ರಿಯಾಗುವಷ್ಟರಲ್ಲಿ ಹೆಂಡತಿಯೇ ಬಿಟ್ಟುಹೋದವನ ಕಂದು ಸೂಟು ಅಲ್ಲಿದೆ. ಒಕಿನಾವಾಕ್ಕೆ ವರ್ಗವಾದ ಪೊಲೀಸನ ಉಣ್ಣೆಯ ಮೇಲಂಗಿಯಿದೆ; ಅಲ್ಲಿನ ಸೆಕೆಯಲ್ಲಿ ಅವನಿಗೆ ಅದರ ನೆನಪಾಗುವ ಸಂಭವ ಕಡಿಮೆ. ಪ್ರತಿ ವರ್ಷ ಚಳಿ ಶುರುವಾಗುವ ಮೊದಲು ಮಾಲೀಕ ಮಿನೊವಾ ತೊಕುಜಿ ಇವನ್ನೆಲ್ಲ ಇಳಿಸಿ, ಗಾಳಿಗೆ ಹಾಕಿ, ನುಸಿಗುಳಿಗೆ ಬದಲಿಸಿ ಮತ್ತೆ ತೂಗಿಹಾಕುತ್ತಾರೆ.

"ಬಿಸಾಕಿ ಅತ್ಲಾಗೆ," ಎಂದು ಎದುರಿನ ಮೀನಂಗಡಿಯ ಎಜಿರಿ ಹೇಳಿದರೆ ಅವರ ಉತ್ತರ ಒಂದೇ: "ನಮ್ಮದಲ್ವಲ್ಲ."

ತೊಕುಜಿಯವರಿಗೆ ಅರವತ್ತು ದಾಟಿದೆ. ಸಣಕಲು ಮೈ, ನುಣುಪಾದ ಕೈಗಳು, ಸದಾ ಏನನ್ನೋ ಕ್ಷಮಿಸಿ ಎನ್ನಲು ಹೊರಟಂತಿರುವ ಮುಖ. ತಂದೆಯಿಂದ ಬಂದ ಅಂಗಡಿಯನ್ನು ತಂದೆಯ ಪದ್ಧತಿಯಲ್ಲೇ ನಡೆಸುತ್ತಾರೆ. ಬಟ್ಟೆ ಯಾರದೇ ಇರಲಿ, ಕೊರಳಪಟ್ಟಿಯ ಹಿಂದೆ ಹೆಸರಿನ ಹಳದಿ ಚೀಟಿ ಚುಚ್ಚದೆ ಅವರ ಕೈ ಇಸ್ತ್ರಿಪೆಟ್ಟಿಗೆ ಎತ್ತುವುದಿಲ್ಲ. ತಮ್ಮ ಸ್ವಂತ ಪೈಜಾಮಕ್ಕೂ ಚುಚ್ಚುತ್ತಾರೆ. ಇಂಥ ಮನುಷ್ಯನ ಕೈಗೆ ಹಾರ್ಡ್ ಡಿಸ್ಕ್ ಇರುವ ವಿಡಿಯೋ ರೆಕಾರ್ಡರ್ ಬಂದರೆ ಏನಾಗುತ್ತದೆ ಎಂಬುದನ್ನು ಅದನ್ನು ಮಾಡಿದವರು ಯೋಚಿಸಿರಲಾರರು.

ಯಂತ್ರ ಮನೆಗೆ ಬಂದದ್ದು ಹೆಂಡತಿ ಮಿತ್ಸುಯೊ ಅವರಿಗಾಗಿ. ಎಷ್ಟೋ ವರ್ಷದ ಹಿಂದೆ ಸ್ಥಳೀಯ ಟಿವಿಯಲ್ಲಿ ಬಂದರಿನ ಹೆಂಗಸರ ಮೇಳದ ಜೊತೆ ಅವರು ಒಮ್ಮೆ ಹಾಡಿದ್ದರು. ತೊಕುಜಿ ಅದನ್ನು ಟೇಪಿನಲ್ಲಿ ಹಿಡಿದಿಟ್ಟರು. ಮಾರನೆಯ ಸಂಜೆ ಅದೇ ಟೇಪಿನ ಮೇಲೆ, ಖಾಲಿಯೆಂದು ತಿಳಿದು, ಸುಮೊ ಕುಸ್ತಿಯನ್ನೂ ಹಿಡಿದಿಟ್ಟರು. ಮಿತ್ಸುಯೊ ಕೈ ಒರೆಸಿಕೊಂಡು ಬಂದು ಟಿವಿಯ ಮುಂದೆ ಕುಳಿತಾಗ ಪರದೆಯ ಮೇಲೆ ಬಂದದ್ದು ಲಂಗೋಟಿ ಕಟ್ಟಿದ ಇಬ್ಬರು ಪೈಲ್ವಾನರು. ಸ್ವಲ್ಪ ಹೊತ್ತು ನೋಡಿ, "ಟಿವಿಲಿ ನಾನು ದಪ್ಪ ಕಾಣ್ತೀನಿ, ಅಲ್ವಾ?" ಎಂದರು. ಮತ್ತೆಂದೂ ಆ ಮಾತೆತ್ತಲಿಲ್ಲ. ಎತ್ತಿದ್ದರೆ ತೊಕುಜಿಗೆ ಹಗುರವಾಗುತ್ತಿತ್ತು.

ಹಾಡುವಾಗ ತಾನು ಹೇಗೆ ಕಾಣುತ್ತೇನೆಂದು ಮಿತ್ಸುಯೊಗೆ ಗೊತ್ತಿಲ್ಲ. ಸ್ನಾನದ ಮನೆಯ ಕನ್ನಡಿಯ ಮುಂದೆ ಹಾಡಿ ನೋಡಿದ್ದುಂಟು. ಉಗಿಗೆ ಕನ್ನಡಿ ಮಸುಕಾಗುತ್ತದೆ. ಅದೊಂದನ್ನು ನೋಡಬೇಕೆಂಬ ಆಸೆ ಅವರಿಗೆ ಉಳಿದೇ ಇತ್ತು. ಅಥೆನ್ಸ್ ಒಲಿಂಪಿಕ್ಸ್ ನಡೆದ ವರ್ಷ ಇಡೀ ದೇಶವೇ ಹೊಸ ಯಂತ್ರ ಕೊಳ್ಳುತ್ತಿದ್ದಾಗ ತೊಕುಜಿಯೂ ಒಂದನ್ನು ಹೊತ್ತು ತಂದರು. ಇದರಲ್ಲಿ ಟೇಪಿಲ್ಲ, ಒಂದರ ಮೇಲೆ ಇನ್ನೊಂದು ಕೂರುವ ಮಾತೇ ಇಲ್ಲ ಎಂದು ಮಾರಿದವನು ಹೇಳಿದ ಒಂದೇ ಮಾತಿಗೆ ಕೊಂಡರು.

ಬೀದಿಗೆ ಸುದ್ದಿ ಹರಡಲು ತಡವಾಗಲಿಲ್ಲ. ಹೊಸ ಪೆಟ್ಟಿಗೆ ನೋಡಲು ಬಂದವರು ಹೋಗುವಾಗ, "ಸಾಧ್ಯವಾದ್ರೆ, ನಿಮಗೆ ತೊಂದ್ರೆ ಇಲ್ದಿದ್ರೆ, ಗುರುವಾರ ರಾತ್ರಿದೊಂದು..." ಎಂದು ಬಾಗಿ ನಮಸ್ಕರಿಸಿ ಹೋದರು. ವರ್ಷ ಕಳೆಯುವಷ್ಟರಲ್ಲಿ ಎಲ್ಲರ ಮನೆಯ ಟೇಪ್ ಯಂತ್ರಗಳೂ ಅಟ್ಟ ಸೇರಿದವು. ತೊಕುಜಿ ಕಾರ್ಯಕ್ರಮಗಳನ್ನು ಬಟ್ಟೆಯಂತೆಯೇ ನಡೆಸಿಕೊಂಡರು. ಪ್ರತಿಯೊಂದಕ್ಕೂ ರಿಮೋಟಿನ ಗುಂಡಿಗಳನ್ನು ಒತ್ತಿ ಒತ್ತಿ ಗಿರಾಕಿಯ ಹೆಸರು ಕೊಟ್ಟರು. ಗುಣಮಟ್ಟ ಕಡಿಮೆ ಮಾಡಿದರೆ ಹೆಚ್ಚು ತುಂಬಬಹುದೆಂದು ಯಾರೋ ಹೇಳಿದಾಗ, ಗಿರಾಕಿಯ ಅಂಗಿಗೆ ಅರ್ಧ ಇಸ್ತ್ರಿ ಹಾಕಿದಂತಾಗುತ್ತದೆ ಎಂದು ಒಪ್ಪಲಿಲ್ಲ. ಗಿರಾಕಿ ಬಂದು, ನೋಡಿ, "ನೋಡಾಯ್ತು" ಎನ್ನುವ ತನಕ ಏನನ್ನೂ ಅಳಿಸಲಿಲ್ಲ. ಗಿರಾಕಿಗಳು ಕೇಳಿಕೊಂಡಷ್ಟು ಉತ್ಸಾಹದಿಂದ ನೋಡಲು ಬರಲಿಲ್ಲ.

ಡಿವಿಡಿ ಡಿಸ್ಕಿಗೆ ಇಳಿಸಿ ಕೊಡುವ ದಾರಿಯೂ ಆ ಯಂತ್ರದಲ್ಲಿತ್ತು. ಎಜಿರಿ ಒಮ್ಮೆ ಮೀನಿನ ಕೈಯಲ್ಲೇ ಎರಡು ಡಿಸ್ಕುಗಳನ್ನು ಒಂದರ ಮೇಲೊಂದು ಇಟ್ಟು ಬಾಗಿಲು ತಳ್ಳಿದ ಮೇಲೆ ಅದು ಮತ್ತೆ ತೆರೆದಿಲ್ಲ. ಬೇಸಿಗೆಯಲ್ಲಿ ಈಗಲೂ ಸ್ವಲ್ಪ ವಾಸನೆ ಬರುತ್ತದೆ.

ಜರ್ಮನಿಯಲ್ಲಿ ಫುಟ್ಬಾಲ್ ವಿಶ್ವಕಪ್ ನಡೆದ ವರ್ಷ, ಜೂನ್ ತಿಂಗಳ ಮೊದಲ ಶನಿವಾರ, ಟಿವಿಯಲ್ಲಿ ಪ್ರತಿ ಭಾನುವಾರ ಮಧ್ಯಾಹ್ನ ಬರುವ ಹಾಡಿನ ಸ್ಪರ್ಧೆ ನಮ್ಮ ಊರಿನ ಸಭಾಭವನಕ್ಕೆ ಬಂತು. ಶನಿವಾರ ಜರಡಿ ಹಿಡಿಯುತ್ತಾರೆ. ಉಳಿದವರು ಭಾನುವಾರ ಇಡೀ ದೇಶದ ಮುಂದೆ ನೇರ ಪ್ರಸಾರದಲ್ಲಿ ಹಾಡುತ್ತಾರೆ. ಗಂಟೆಯವನು ಒಂದು ಸಲ ಟಣ್ ಅನ್ನಿಸಿದರೆ, 'ಸಾಕು, ಇಳಿಯಿರಿ' ಎಂದು. ಎರಡು ಸಲ ಅಂದರೆ ಪರವಾಗಿಲ್ಲ, ಆದರೂ ಇಳಿಯಿರಿ ಎಂದು. ಎಲ್ಲ ಗಂಟೆಗಳೂ ಸಾಲಾಗಿ ಮೊಳಗಿದರೆ ಗೆದ್ದ ಹಾಗೆ.

ಸಂಜೆ ಮಿತ್ಸುಯೊ ಮನೆಗೆ ಬಂದು, ಚಪ್ಪಲಿ ಬಿಡುತ್ತಾ, ಕರೆಂಟ್ ಬಿಲ್ಲು ಬಂದಿದೆ ಎನ್ನುವ ದನಿಯಲ್ಲಿ ಹೇಳಿದರು: "ನಾನು ಕೊನೆಯಿಂದ ನಾಲ್ಕನೆಯವಳು."

ತೊಕುಜಿಯ ಕೈಯಲ್ಲಿದ್ದ ಶಾಲೆಯ ಸಮವಸ್ತ್ರ ಜಾರಿತು. "ಗೆದ್ದೆಯಾ?"

"ನಾಳೆ ಹಾಡ್ತೀನಿ ಅಂದೆ. ಬರ್ತೀರಾ? ಮುಂದಿನ ಸಾಲಲ್ಲಿ ಒಂದು ಕುರ್ಚಿ ಕೊಡ್ತಾರಂತೆ."

"ನಾನು ಬಂದ್ರೆ ಯಂತ್ರ ನೋಡ್ಕೊಳ್ಳೋರು ಯಾರು?"

"ಅದಕ್ಕೆ ಟೈಮರ್ ಅಂತ ಇದೆಯಲ್ರೀ."

"ಟೈಮರ್ ನಂಬಿ ಹೋದ ಸಲ ಏನಾಯ್ತು? ಬೇಸ್‌ಬಾಲ್ ಆಟ ಉದ್ದ ಆಯ್ತು, ತೋಫು ಅಂಗಡಿ ಅಜ್ಜಿಯ ಸಮುರಾಯ್ ಧಾರಾವಾಹಿ ಅರ್ಧ ಗಂಟೆ ಹಿಂದಕ್ಕೆ ಹೋಯ್ತು. ಕತ್ತಿ ಎತ್ತಿದಾನೆ, ಅಷ್ಟಕ್ಕೇ ನಿಂತುಹೋಯ್ತು. ಅಜ್ಜಿ ವಾರ ಪೂರ್ತಿ ನನ್ನ ಮುಖ ನೋಡ್ಲಿಲ್ಲ."

ಮಿತ್ಸುಯೊ ಚಪ್ಪಲಿಗಳನ್ನು ಜೋಡಿಸಿಟ್ಟರು. "ಸರಿ. ನೀವು ಮನೇಲೇ ಇರಿ. ಆದ್ರೆ ಈ ಸಲ..."

"ಈ ಸಲ ಖಂಡಿತ."

"ಸುಮೊ ಇದೆಯಾ ನಾಳೆ?"

"ಇಲ್ಲ! ನೋಡಿದೀನಿ. ಇಲ್ಲ."

ಹೆಂಡತಿಯ ನೀಲಿ ಉಡುಪನ್ನು ಅವರು ತಾವೇ ಒಗೆದು, ಒಂದೊಂದೇ ನೆರಿಗೆ ಹಿಡಿದು ಇಸ್ತ್ರಿ ಮಾಡಿಟ್ಟರು. ಬೆಳಿಗ್ಗೆ ಮಿತ್ಸುಯೊ ಅದನ್ನು ತೊಟ್ಟು, ಮೇಲೆ ತೆಳು ಕೋಟು ಹಾಕಿಕೊಂಡು, ತಾಲೀಮಿಗೆಂದು ಬೇಗನೆ ಬಸ್ಸು ಹಿಡಿದರು. ತೊಕುಜಿ ಅಂಗಡಿಯ ಪರದೆ ಇಳಿಸಿ, ಕೈ ತೊಳೆದು, ಯಂತ್ರದ ಮುಂದೆ ಮಂಡಿಯೂರಿ ಕುಳಿತು ಗುಂಡಿ ಒತ್ತಿದರು. ಪರದೆಯ ಮೂಲೆಯಲ್ಲಿ ಯಂತ್ರ ತಿಳಿಸಿತು: ಉಳಿದ ಜಾಗ ಸೊನ್ನೆ.

ತುಂಬಿದ್ದು ಮೂವರ ವಸ್ತು. ತೋಫು ಅಂಗಡಿಯ ಕಿನು ಅಜ್ಜಿಯ ಸಮುರಾಯ್ ಧಾರಾವಾಹಿ, ಮೊದಲ ಕಂತಿನಿಂದ. ಕಣ್ಣಿನ ಪೊರೆ ತೆಗೆಸಿದ ಮೇಲೆ ನೋಡುತ್ತೇನೆಂದು ಅಜ್ಜಿ ಇಡಿಸಿದ್ದು. ಎಜಿರಿಯ ಮೀನುಗಾರಿಕೆಯ ಕಾರ್ಯಕ್ರಮಗಳು. ದೇಗುಲದ ಜೊಕಾಯ್ ಗುರುಗಳು ಹಿಡಿದಿಡಲು ಹೇಳಿದ ಕೊರಿಯಾದ ಪ್ರೇಮ ಧಾರಾವಾಹಿ. ಅದು ತಮ್ಮ ತಾಯಿಯವರಿಗೆ ಎಂದು ಗುರುಗಳು ಹೇಳಿದ್ದರು. ತಾಯಿ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ತೊಕುಜಿ ಅಂತ್ಯಕ್ರಿಯೆಗೆ ಹೋಗಿಬಂದಿದ್ದರು. ಆದರೂ ಹೆಸರಿನ ಜಾಗದಲ್ಲಿ 'ಗುರುಗಳ ತಾಯಿಯವರದು' ಎಂದೇ ಬರೆದಿದ್ದರು.

ತೊಕುಜಿಯವರದು ಎಂದು ಅದರೊಳಗೆ ಏನೂ ಇರಲಿಲ್ಲ. ಜಾಗ ಸಿಕ್ಕಾಗ ಹಿಡಿದಿಡೋಣ ಎಂದುಕೊಂಡೇ ಎರಡು ವರ್ಷ ಕಳೆದಿದ್ದರು.

ಬೇರೆ ಯಾರಾದರೂ ಅವತ್ತು ಒಂದು ಕಂತನ್ನು ಸದ್ದಿಲ್ಲದೆ ಅಳಿಸಿಬಿಡುತ್ತಿದ್ದರು. ತೊಕುಜಿ ಟೋಪಿ ಹಾಕಿಕೊಂಡು, ಒಪ್ಪಿಗೆ ಕೇಳಲು ಬೀದಿಗಿಳಿದರು.

ಕಿನು ಅಜ್ಜಿ ತೊಟ್ಟಿಯೊಳಗೆ ಮೊಣಕೈ ತನಕ ಕೈಯಿಟ್ಟು ತೋಫು ಕತ್ತರಿಸುತ್ತಿದ್ದರು. ವಿಷಯ ಕೇಳಿದ ಕೂಡಲೆ ಒದ್ದೆ ಕೈಯನ್ನೇ ಬೀಸಿದರು. "ಅಳಿಸಿಬಿಡಿ, ಲಾಂಡ್ರಿಯವ್ರೇ. ಮೊದ್ಲು ಅಳಿಸಿಬಿಡಿ. ಈ ವಯಸ್ಸಲ್ಲಿ ನನಗ್ಯಾಕೆ ಸಮುರಾಯ್?"

"ನಿಜವಾಗ್ಲೂ ಪರವಾಗಿಲ್ವಾ, ಅಜ್ಜಿ?"

"ಪರವಾಗಿಲ್ಲ ಅಂದ್ನಲ್ಲ. ಅವನು ಅಪ್ಪನ್ನ ಕೊಂದವನನ್ನ ಹಿಡಿದ್ನೋ ಇಲ್ವೋ, ಅಷ್ಟು ತಿಳ್ಕೊಂಡು ಕಣ್ಣು ಮುಚ್ಚೋಣ ಅಂತಿತ್ತು. ಇರ್ಲಿ. ತಿಳೀದೆ ಹೋದೋರು ಎಷ್ಟು ಜನ ಇಲ್ಲ? ತಗೊಳ್ಳಿ, ಎರಡು ತೋಫು. ಮಿತ್ಸುಯೊಗೆ ಶುಭವಾಗ್ಲಿ ಅಂತ."

ತೋಫು ಕೈಗೆ ಬಂದ ಮೇಲೆ ಅಜ್ಜಿಯ ಸಮುರಾಯನನ್ನು ಮುಟ್ಟುವುದು ಹೇಗೆ? ನಮ್ಮ ಬೀದಿಯಲ್ಲಿ ಮೊದಲ ಸಲ ಹೇಳಿದ 'ಪರವಾಗಿಲ್ಲ'ವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದು ಬಾಗಿಲು ತೆಗೆಯುವಾಗ ಕೇಳುವ ಸದ್ದಿನ ಹಾಗೆ. ಎರಡನೆಯ ಸಲದ್ದು ಸೌಜನ್ಯ. ಮೂರನೆಯ ಸಲವೂ ಅದನ್ನೇ ಹೇಳಿದರೆ ಮನುಷ್ಯ ಬಹುಶಃ ನಿಜ ಹೇಳುತ್ತಿರಬಹುದು. ಅಷ್ಟು ಕೇಳಲು ಹೊತ್ತಿರಲಿಲ್ಲ.

ಎಜಿರಿ ಬಂಗುಡೆಯ ಹೊಟ್ಟೆ ಸೀಳುತ್ತಾ ಜೋರಾಗಿ ನಕ್ಕರು. "ಇಷ್ಟೇನಾ? ನಾನೇನೋ ಮನೆಗೆ ಬೆಂಕಿ ಬಿತ್ತು ಅಂದ್ಕೊಂಡೆ. ಅಳಿಸಿ ಸ್ವಾಮಿ! ನಿಮ್ಮ ಮನೆಯವ್ರ ಹಾಡಿಗಿಂತ ನನ್ನ ಮೀನು ದೊಡ್ಡದಾ?"

"ಥ್ಯಾಂಕ್ಸ್ ಎಜಿರಿಯವ್ರೇ. ಹಾಗಾದ್ರೆ ಆ ಮಾರ್ಚ್ ತಿಂಗಳಿನದ್ದೆಲ್ಲ..."

ಎಜಿರಿಯ ಚಾಕು ನಿಂತಿತು. "ಮಾರ್ಚಾ? ಹರಾಜುಕಟ್ಟೇದು?"

"ಅದೇ ಇರ್ಬೇಕು."

"ಅದ್ರಲ್ಲಿ ನಾನಿದೀನಿ." ಅವರು ಚಾಕುವನ್ನು ಏಪ್ರನ್ನಿಗೆ ಒರೆಸಿದರು. "ಮೈಕು ಹಿಡ್ಕೊಂಡ ಹುಡುಗಿ ಮಾತಾಡ್ತಾಳಲ್ಲ, ಅವಳ ಹಿಂದೆ. ಬೆನ್ನು."

"ಬೆನ್ನು?"

"ಬೆನ್ನೇ ಬಿಡಿ. ಮುಖ ಇದ್ದಿದ್ರೆ ಬೇರೆ ಮಾತು. ನನ್ನ ಹೆಂಡ್ತಿ ಅಂತೂ ಗುರುತೇ ಹಿಡೀಲಿಲ್ಲ. ಒಳ್ಳೇ ಬೆನ್ನು ಯಾರದು ಅಂದ್ಲು. ಅಳಿಸಿ, ಅಳಿಸಿ." ಅವರು ಎರಡು ಬಂಗುಡೆಯನ್ನು ಕಾಗದದಲ್ಲಿ ಸುತ್ತಿ, ಸ್ವಲ್ಪ ಯೋಚಿಸಿ, ಮೂರನೆಯದನ್ನೂ ಸೇರಿಸಿ ಕೊಟ್ಟರು.

ದೇಗುಲದಲ್ಲಿ ಜೊಕಾಯ್ ಗುರುಗಳು ಅಂಗಳ ಗುಡಿಸುತ್ತಿದ್ದರು. ಭಾರೀ ಆಳು, ಬೋಳು ತಲೆ, ಮಾತು ನಿಧಾನ. ಎಲ್ಲ ಕೇಳಿ ಪೊರಕೆಯನ್ನು ಗೋಡೆಗೊರಗಿಸಿದರು.

"ಅದು ಅಮ್ಮನದಲ್ವಾ. ನಾನು ಹೇಗೆ ಹೇಳ್ಲಿ?"

"ಹೌದು, ಗುರುಗಳೇ. ತಾಯಿಯವರದು."

"ಇರಿ, ಕೇಳಿ ಬರ್ತೀನಿ."

ಅವರು ಒಳಗೆ ಹೋದರು. ಪೀಠದ ಮುಂದಿನ ಗಂಟೆ ಒಮ್ಮೆ ಮೃದುವಾಗಿ ಮೊಳಗಿತು. ಬಹಳ ಹೊತ್ತು ಸದ್ದಿಲ್ಲ. ಹೊರಬಂದಾಗ ಗುರುಗಳ ಕೈಯಲ್ಲಿ ಹೂರಣದ ಬನ್ನುಗಳ ಪೊಟ್ಟಣವಿತ್ತು.

"ಅಳಿಸಬಹುದಂತೆ," ಎಂದರು. ಆಮೇಲೆ, ಆಕಾಶ ನೋಡುತ್ತಾ: "ಆದ್ರೆ ಧಾರಾವಾಹೀಲಿ ಆ ಹುಡುಗಿಗೆ ನೆನಪು ವಾಪಸ್ ಬಂತಾ ಅಂತ ಅಮ್ಮ ಕೇಳ್ತಿದ್ರು."

ಹೀಗೆ ತೊಕುಜಿ ಎರಡು ತೋಫು, ಮೂರು ಬಂಗುಡೆ, ಒಂದು ಪೊಟ್ಟಣ ಬನ್ನು ಹೊತ್ತು ಮನೆಗೆ ಮರಳಿದರು. ಯಂತ್ರದ ಮುಂದೆ ಕುಳಿತು, ಸಮುರಾಯನ ಹದಿನೈದನೆಯ ಕಂತಿನ ಮೇಲೆ ಬೆರಳಿಟ್ಟರು. 'ಇದನ್ನು ಅಳಿಸಬಹುದೇ?' ಎಂದು ಯಂತ್ರ ಕೇಳಿತು. ಕೆಳಗೆ 'ಹೌದು', 'ಬೇಡ' ಎಂಬ ಎರಡು ಮಾತುಗಳು; ಬೆಳಕು 'ಬೇಡ'ದ ಮೇಲೆ ನಿಂತಿತ್ತು. ಯಂತ್ರವೂ ಈ ದೇಶದಲ್ಲೇ ಹುಟ್ಟಿದ್ದು. ತೊಕುಜಿ ಅದರ ಮಾತಿಗೆ ಬೆಲೆ ಕೊಟ್ಟು ಹಿಂದಕ್ಕೆ ಬಂದರು.

ಅಷ್ಟರಲ್ಲಿ ಹಿಂಬಾಗಿಲು ಸರಿಯಿತು. ಕಿನು ಅಜ್ಜಿ. "ನಾನು ಆ ಅಪ್ಪನ ವಿಷಯ ಹೇಳಬಾರ್ದಾಗಿತ್ತು. ಮನಸ್ಸಿಗೆ ಚುಚ್ತಾ ಇದೆ. ಅಳಿಸಿದ್ರಾ?"

"ಇಲ್ಲ, ಇನ್ನೂ..."

"ನೋಡಿದ್ರಾ! ನನ್ನಿಂದಾನೇ." ಅಜ್ಜಿ ಒಳಗೆ ಬಂದು ಯಂತ್ರದ ಪಕ್ಕದಲ್ಲೇ ಕುಳಿತರು. "ನನ್ನ ಕಣ್ಣೆದುರಿಗೇ ಅಳಿಸಿ."

ಹಿಂದೆಯೇ ಎಜಿರಿ ಬಂದರು. ಬೆನ್ನಿನ ಮಾತಾಡಿ ತಪ್ಪು ಮಾಡಿದೆ ಎಂದು ಅವರಿಗೂ ಅನ್ನಿಸಿತ್ತಂತೆ. ಅವರ ಹಿಂದೆ ಗುರುಗಳು, ಬಾಗಿಲ ಚೌಕಟ್ಟಿಗೆ ತಲೆ ತಾಗದಂತೆ ಬಗ್ಗಿ. ಮೂವರೂ ಒಬ್ಬರನ್ನೊಬ್ಬರು ಕಂಡು ಮುಜುಗರಪಟ್ಟರು. ಮುಂದಿನದು ಜಗಳವೆಂದೇ ಹೇಳಬೇಕು.

"ನಂದು ಅಳಿಸಿ. ನಂದು ಮೀನು."

"ನಂದು ಮೊದ್ಲು. ನಾನು ವಯಸ್ಸಾದವಳು."

"ವಯಸ್ಸಾದವ್ರದ್ದನ್ನ ಅಳಿಸೋದುಂಟಾ ಅಜ್ಜಿ? ಜನ ಏನಂತಾರೆ?"

"ಗುರುಗಳ ತಾಯಿದಂತೂ ಮುಟ್ಟೋ ಹಾಗಿಲ್ಲ. ಪಾಪ ಬರುತ್ತೆ."

"ಪಾಪ ಏನಿಲ್ಲ. ಅಮ್ಮ ಒಪ್ಪಿದಾರೆ."

"ಅಮ್ಮ ಒಪ್ಪಿದ್ರೂ ನಾವು ಒಪ್ಪಲ್ಲ!" ಎಂದರು ಎಜಿರಿ.

ಟಿವಿಯಲ್ಲಿ ತುತ್ತೂರಿ ಮೊಳಗಿತು. ಚಪ್ಪಾಳೆ. ಕಾರ್ಯಕ್ರಮ ಶುರುವಾಗಿತ್ತು. ವೇದಿಕೆಯ ಹಿಂದೆ ಹಾಡುವವರೆಲ್ಲ ಸಾಲಾಗಿ ಕುಳಿತಿದ್ದರು. ಅದರಲ್ಲೊಂದು ನೀಲಿ ಚುಕ್ಕೆ. ಮೊದಲ ಹಾಡುಗಾರ, ಬಾಳೆಹಣ್ಣಿನ ವೇಷದ ಅಂಚೆಯವನು, ಒಂದೇ ಟಣ್ಣಿಗೆ ಇಳಿದ. ಎರಡನೆಯವರು ಬಂದರು. ತೊಕುಜಿ ರಿಮೋಟನ್ನು ಈ ಕೈಯಿಂದ ಆ ಕೈಗೆ ಬದಲಿಸುತ್ತಿದ್ದರು. ಇವರ ಒಪ್ಪಿಗೆ ಮೂರು ಸಲ ದಾಟಿ ಹತ್ತು ಸಲವಾಗಿತ್ತು. ಆದರೆ ಮೂವರೂ ಒಟ್ಟಿಗೆ ಒಪ್ಪಿದ್ದರಿಂದ, ಒಬ್ಬರದನ್ನು ಅಳಿಸಿದರೆ ಉಳಿದಿಬ್ಬರನ್ನು ಕಡೆಗಣಿಸಿದಂತಾಗುತ್ತಿತ್ತು.

ಕೊನೆಗೆ ಗುರುಗಳು ಕೈ ಚಾಚಿದರು. "ಕೊಡಿ ಇಲ್ಲಿ. ಬಿಡೋದು ನನ್ನ ಕಸುಬು."

ಅವರು ತಾಯಿಯ ಧಾರಾವಾಹಿಯ ಮೊದಲ ಕಂತನ್ನು ಆರಿಸಿ, ಬೆಳಕನ್ನು 'ಬೇಡ'ದಿಂದ 'ಹೌದು' ಎಂಬಲ್ಲಿಗೆ ಸರಿಸಿ, ಕಣ್ಣು ಮುಚ್ಚಿ ಒತ್ತಿದರು. ನಿಜವೇ ಎಂದು ಯಂತ್ರ ಮತ್ತೊಮ್ಮೆ ಕೇಳಿತು. ಮತ್ತೆ ಒತ್ತಿದರು. ಎರಡನೆಯ ಕಂತು. ಮೂರನೆಯದು. ತುಟಿ ಏನನ್ನೋ ಮಣಮಣಿಸುತ್ತಿತ್ತು. ಸತ್ತವರಿಗೆ ಹೇಳುವುದೇ ಇರಬೇಕು.

"ಸಾಕು ಗುರುಗಳೇ, ಒಂದು ಕಾರ್ಯಕ್ರಮಕ್ಕೆ ಅಷ್ಟು ಸಾಕು," ಎಂದು ತೊಕುಜಿ ತಡೆದರು. "ತಾಯಿಯವರು ಬೇಜಾರು ಮಾಡ್ಕೊಳ್ಳಲ್ವಾ?"

"ಅಮ್ಮನಿಗೆ ಧಾರಾವಾಹಿ ಅಂದ್ರೆ ಆಗ್ತಿರ್ಲಿಲ್ಲ," ಎಂದರು ಗುರುಗಳು. ಕಿನು ಅಜ್ಜಿ ಒಂದು ಬನ್ನನ್ನು ಅವರ ಮುಂದಕ್ಕೆ ಸರಿಸಿದರು.

ತೊಕುಜಿ ಗುಂಡಿ ಒತ್ತಿದರು. ಯಂತ್ರದ ಹಣೆಯ ಮೇಲೆ ಕೆಂಪು ದೀಪ ಹೊತ್ತಿತು. ನಾಲ್ಕು ಜನರೂ ಒಟ್ಟಿಗೆ ಉಸಿರು ಬಿಟ್ಟರು.

ಇಷ್ಟಕ್ಕೇ ಮುಗಿಯಬೇಕಿತ್ತು. ಆದರೆ ತೊಕುಜಿಗೆ ಅನುಮಾನ. ದೀಪ ಹೊತ್ತಿದೆ ಎಂದ ಮಾತ್ರಕ್ಕೆ ಒಳಗೆ ಹಿಡಿಯುತ್ತಿದೆ ಎಂದು ಹೇಗೆ ನಂಬುವುದು? ಹಿಡಿಯುತ್ತಿರುವಾಗಲೇ, ಹಿಡಿದದ್ದನ್ನು ಮೊದಲಿನಿಂದ ಬೆನ್ನಟ್ಟಿ ನೋಡುವ ಅನುಕೂಲ ಆ ಯಂತ್ರದಲ್ಲಿತ್ತು. ಅದನ್ನು ಒತ್ತಿದರು. ಹೀಗೆ ಪರದೆಯ ಮೇಲಿನ ಸಭಾಭವನ ನಿಜದ ಸಭಾಭವನಕ್ಕಿಂತ ಸ್ವಲ್ಪ ಹಿಂದೆ ಬಿತ್ತು.

"ನೇರವಾಗೇ ನೋಡ್ಬಹುದಲ್ಲ?" ಎಂದರು ಎಜಿರಿ.

"ನೇರದ್ದು ಹೋದ್ರೆ ಹೋಯ್ತು. ಇದು ಇರುತ್ತೆ."

ಅಜ್ಜಿಗೆ ಕಣ್ಣು ಸಾಲದು. "ಈಗ ಹಾಡಿದವಳ ಮುಖ ನೋಡ್ಲಿಲ್ಲ, ಇನ್ನೊಂದು ಸಲ," ಎಂದರು. ಹಿಂದಕ್ಕೆ ಓಡಿಸಿದರು. ಗುರುಗಳಿಗೆ ಚಹಾ ಬೇಕಾಯಿತು. ನಿಲ್ಲಿಸಿದರು. ತೋಫು ಬಿಸಿಯಲ್ಲಿ ಕೆಡುತ್ತದೆಂದು ಅಜ್ಜಿಗೆ ನೆನಪಾಯಿತು. ಅದನ್ನು ಕತ್ತರಿಸಿ, ಸೋಯಾ ಸಾರು ಹುಯ್ದು, ಶುಂಠಿ ತುರಿದು ಹಂಚುವ ತನಕ ನಿಲ್ಲಿಸಿದರು. ಎಜಿರಿ ಅಂಗಡಿಗೆ ಓಡಿ ಗಿರಾಕಿಗೆ ಸೀಗಡಿ ತೂಗಿ ಬಂದರು. ಅವರು ತಪ್ಪಿಸಿಕೊಂಡ ಹಾಡನ್ನು ಮತ್ತೆ ತೋರಿಸಿದರು. ಅಜ್ಜಿ ಶೌಚಕ್ಕೆ ಹೋದರು. ಅಜ್ಜಿ ಹೋದರೆ ಬರುವುದು ತಡ. ಪರದೆಯ ಮೇಲೆ ಗಡ್ಡದ ಟ್ಯಾಕ್ಸಿ ಚಾಲಕನೊಬ್ಬ ಬಾಯಿ ತೆರೆದುಕೊಂಡು, ಹಾಡಿನ ಅತ್ಯಂತ ದುಃಖದ ಜಾಗದಲ್ಲಿ, ಅವರು ಬರುವ ತನಕ ನಿಂತೇ ಇದ್ದ. ಅಷ್ಟು ಹೊತ್ತಿಗೆ ಯಂತ್ರ ಹಿಡಿಯುವುದನ್ನು ಮುಗಿಸಿ, ಕೆಂಪು ದೀಪ ಆರಿಸಿ, ಸುಮ್ಮನಾಗಿತ್ತು. ಯಾರೂ ಗಮನಿಸಲಿಲ್ಲ.

ಆಗ ಮುಂಬಾಗಿಲು ಸರಿದು, "ಬಂದೆ," ಎಂಬ ದನಿ ಕೇಳಿತು.

ನೀಲಿ ಉಡುಪಿನ ಮಿತ್ಸುಯೊ, ಕೈಯಲ್ಲಿ ಹೂಗೊಂಚಲು, ಹೊಸ್ತಿಲಲ್ಲಿ ನಿಂತಿದ್ದರು. ಪರದೆಯ ಮೇಲೆ ಇನ್ನೊಬ್ಬ ಮಿತ್ಸುಯೊ, ಹಿಂದಿನ ಸಾಲಿನಲ್ಲಿ, ಮೊಣಕಾಲ ಮೇಲೆ ಕೈಯಿಟ್ಟು, ಸರದಿ ಕಾಯುತ್ತಿದ್ದರು.

"ರೀ, ಏನಾಯ್ತು ಗೊತ್ತಾ, ಗಂಟೆಯವನು..."

"ಹೇಳ್ಬೇಡ!" ಎಂದು ತೊಕುಜಿ ಎರಡೂ ಕೈ ಎತ್ತಿದರು.

"ಹೇಳ್ಬೇಡಿ ತಾಯಿ!" ಎಜಿರಿ ಕಿವಿ ಮುಚ್ಚಿಕೊಂಡರು. "ನೀವಿನ್ನೂ ಹಾಡೇ ಇಲ್ಲ!"

"ಹಾಡಿದೀನಿ. ಬಸ್ಸಲ್ಲಿ ಬರ್ತಿದ್ರೆ ಡ್ರೈವರೇ ಎದ್ದು..."

"ಡ್ರೈವರ್ ಏನಂದ ಅಂತಾನೂ ಹೇಳ್ಬೇಡಿ," ಎಂದರು ಗುರುಗಳು ಗಂಭೀರವಾಗಿ. "ಕೂತ್ಕೊಳ್ಳಿ. ನಿಮಗಿಂತ ಮುಂಚೆ ಮೂರು ಜನ ಇದಾರೆ."

ಮಿತ್ಸುಯೊ ಅತ್ತ ತಿರುಗಿ ಚಪ್ಪಲಿ ಬಿಡಲು ಬಗ್ಗಿದರು. ಆಗ ಕೋಣೆಯಲ್ಲಿದ್ದ ಮೂವರು ಗಂಡಸರಿಗೂ ಅದು ಕಂಡಿತು. ನೀಲಿ ಕೊರಳಪಟ್ಟಿಯ ಹಿಂದೆ, ಬೆನ್ನಿನ ನಟ್ಟನಡುವೆ, ಅಂಗೈಯಷ್ಟು ಹಳದಿ ಚೀಟಿ. ಅದರ ಮೇಲೆ ದಪ್ಪ ಕುಂಚದಲ್ಲಿ 'ಮಿನೊವಾ'.

ತೊಕುಜಿಯ ಮುಖ ಬಿಳಿಚಿತು. ಆ ಕಾರ್ಯಕ್ರಮದಲ್ಲಿ ಹಾಡಿ ಮುಗಿಸಿದವರು ಗಂಟೆಯವನ ಕಡೆಗೆ ತಿರುಗಿ ನಮಸ್ಕರಿಸುತ್ತಾರೆ. ಆಗ ಬೆನ್ನು ಇಡೀ ದೇಶದ ಕಡೆಗಿರುತ್ತದೆ.

"ನಿಮ್ಮ ಬೆನ್ನ ಮೇಲೆ ನೊಣ," ಎಂದು ಎಜಿರಿ ಮೆಲ್ಲಗೆ ಕೈ ಚಾಚಿದರು.

"ಇರ್ಲಿ ಬಿಡಿ, ಮೀನಂಗಡಿಯವ್ರೇ. ಕೂತ್ಕೊಂಡಿರೋ ನೊಣ, ಅದರ ಪಾಡಿಗೆ ಕೂತಿರ್ಲಿ," ಎಂದು ಮಿತ್ಸುಯೊ ಗಂಡನ ಪಕ್ಕದಲ್ಲಿ ಮಂಡಿಯೂರಿದರು. ಮುಖದಿಂದ ಏನೂ ತಿಳಿಯುವಂತಿರಲಿಲ್ಲ.

ತೊಕುಜಿ ರಿಮೋಟನ್ನು ಎರಡೂ ಕೈಯಲ್ಲಿ ಹಿಡಿದು ಪಿಸುಗುಟ್ಟಿದರು. "ನೋಡ್ಲೇಬೇಕಾ? ನಾಳೆ ನೋಡಿದ್ರೆ ಹೇಗೆ? ಅಥವಾ... ನೋಡದೇ ಇದ್ರೆ? ನೀನು ಹೇಳಿದ್ರೆ ಅಳಿಸ್ತೀನಿ. ಈಗ್ಲೇ. ಒಂದೇ ಸಲ ಹೇಳು ಸಾಕು."

ಎರಡು ವರ್ಷದಲ್ಲಿ ಅವರು ತಾವಾಗಿಯೇ ಏನನ್ನಾದರೂ ಅಳಿಸುತ್ತೇನೆಂದದ್ದು ಅದೇ ಮೊದಲು. ಮಿತ್ಸುಯೊ ಅವರ ಕೈಯಿಂದ ರಿಮೋಟನ್ನು ತೆಗೆದು ತಮ್ಮ ಮಡಿಲಲ್ಲಿಟ್ಟುಕೊಂಡರು. "ಸುಮ್ನೆ ನೋಡ್ರೀ. ನಾನು ಬರ್ತಿದೀನಿ."

ಆ ಮೂವರೂ ಹಾಡಿ ಇಳಿದ ಮೇಲೆ ಪರದೆಯ ಮಿತ್ಸುಯೊ ಎದ್ದು ಮುಂದೆ ಬಂದರು. ವಾದ್ಯಗಳು ಶುರುವಾದವು. ಬಂದರಿನ ಹಳೆಯ ವಿರಹಗೀತೆ. ದೋಣಿ ಹೋಗುತ್ತದೆ, ಬರುವುದಿಲ್ಲ. ಹಾಡುವಾಗ ಅವರ ಎಡ ಹುಬ್ಬು ಮೇಲೇರುತ್ತಿತ್ತು, ಬಲಗೈ ಗಾಳಿಯಲ್ಲಿ ಏನನ್ನೋ ಸವರುತ್ತಿತ್ತು.

"ಅಯ್ಯೋ, ಇಸ್ತ್ರಿ ಮಾಡ್ತಿದೀನಲ್ರೀ," ಎಂದರು ಮಿತ್ಸುಯೊ ಮೆಲ್ಲಗೆ. "ಹುಬ್ಬು ನೋಡಿ. ಯಾರೂ ಹೇಳ್ಲೇ ಇಲ್ಲ ನನಗೆ."

ಅವರು ಪರದೆಯ ಹತ್ತಿರಕ್ಕೆ ಜರುಗಿದರು. ಕಣ್ಣು ಕೀಳಲಿಲ್ಲ. ಮೂವತ್ತೈದು ವರ್ಷ ಆ ಹುಬ್ಬನ್ನು ನೋಡುತ್ತಾ ಬಂದ ತೊಕುಜಿಗೆ ಅದರಲ್ಲಿ ಹೇಳುವಂಥದ್ದೇನೂ ಕಂಡಿರಲಿಲ್ಲ.

ಹಾಡು ಏರಿತು. ಟಣ್. ಟಣ್. ಅಷ್ಟೇ.

"ಎರಡು ಅಂದ್ರೆ ಏನು?" ಎಂದರು ಕಿನು ಅಜ್ಜಿ.

"ಮನೆಗೆ ಹೋಗು ಅಂತ, ಅಜ್ಜಿ," ಎಂದರು ಮಿತ್ಸುಯೊ.

"ಒಳ್ಳೇದೇ ಆಯ್ತು. ಆ ಬಂಗುಡೆ ಸುಡೋರು ಯಾರೂ ಇರ್ಲಿಲ್ಲ."

ಪರದೆಯ ಮಿತ್ಸುಯೊ ಗಂಟೆಯವನ ಕಡೆಗೆ ತಿರುಗಿ ಬಾಗಿದರು. ಹಳದಿ ಚೀಟಿ ಇಡೀ ದೇಶಕ್ಕೆ ಕಂಡಿತು. ಸಭೆಯಲ್ಲಿ ನಗು ಅಲೆಯಂತೆ ಎದ್ದಿತು. ಇಲ್ಲಿ ತೊಕುಜಿ ಹಣೆಯನ್ನು ಚಾಪೆಗೆ ಒತ್ತಿದರು. ನಿರೂಪಕ ಮೈಕು ಹಿಡಿದು ಬಂದ.

"ತಾಯಿ, ಬೆನ್ನ ಮೇಲೇನಿದು?"

ಪರದೆಯ ಮಿತ್ಸುಯೊ ಕೈ ಹಿಂದಕ್ಕೆ ಚಾಚಿ ಮುಟ್ಟಿ ನೋಡಿದರು. ಬಾಯಿಗೆ ಕೈ ಅಡ್ಡ ಹಿಡಿದು ನಗತೊಡಗಿದರು. "ನಮ್ಮ ಯಜಮಾನ್ರು. ನಮ್ಮದು ಲಾಂಡ್ರಿ. ಚೀಟಿ ಚುಚ್ಚದೆ ಇಸ್ತ್ರಿ ಮಾಡಕ್ಕೆ ಅವರಿಗೆ ಬರಲ್ಲ."

"ಬಂದಿದಾರಾ ಅವರು?" ಎಂದು ನಿರೂಪಕ ಸಭೆಯ ಕಡೆ ನೋಡಿದ.

"ಇಲ್ಲ. ಮನೇಲಿ ರೆಕಾರ್ಡರ್ ಕಾಯ್ತಾ ಕೂತಿದಾರೆ."

ಮತ್ತೆ ನಗು. ಈ ಸಲ ಚಪ್ಪಾಳೆಯೂ ಸೇರಿತು. "ಹಾಗಾದ್ರೆ ನೋಡ್ತಿರ್ತಾರೆ. ಏನಾದ್ರೂ ಹೇಳಿ."

ಪರದೆಯ ಮಿತ್ಸುಯೊ ಕ್ಯಾಮೆರಾ ಯಾವುದೆಂದು ಹುಡುಕಿ, ಮೊದಲು ತಪ್ಪು ಕಡೆ, ಆಮೇಲೆ ನೇರವಾಗಿ ನೋಡಿದರು.

"ರೀ, ಕೆಂಪು ದೀಪ ಉರೀತಿದೆ ತಾನೆ?"

ತೊಕುಜಿ ಚಾಪೆಯಿಂದ ತಲೆಯೆತ್ತಿದರು. ಯಂತ್ರದ ಹತ್ತಿರ ಬಗ್ಗಿ ನೋಡಿದರು. ದೀಪ ಆರಿತ್ತು. ಗೋಡೆಯ ಗಡಿಯಾರ ನೋಡಿದರು. ಆಮೇಲೆ ಅರ್ಥವಾಯಿತು. ಪಕ್ಕದಲ್ಲೇ ಕುಳಿತಿದ್ದ ಹೆಂಡತಿಯ ಕಡೆ ತಿರುಗದೆ, ಅವರು ನೆಟ್ಟಗೆ ಕುಳಿತು ಟಿವಿಗೇ ಉತ್ತರ ಕೊಟ್ಟರು.

"ಉರೀತಿತ್ತು ಕಣೇ. ಪೂರ್ತಿ ಸಿಕ್ಕಿದೆ."

"ಸದ್ಯ," ಎಂದರು ಪಕ್ಕದ ಮಿತ್ಸುಯೊ. ರಿಮೋಟನ್ನು ಎತ್ತಿ, ಯಾವ ಗುಂಡಿಯೆಂದು ಹುಡುಕಿ, ಹಾಡಿನ ಮೊದಲಿಗೆ ಓಡಿಸಿದರು.